ನಾಲ್ಕು ವಾದ್ಯ, ಹನ್ನೆರಡು ಮಾತ್ರೆ

ಸ್ಟೀವ್ ರೈಶ್ ಎಂಬ ಅಮೆರಿಕದ ಸಂಗೀತಗಾರನ 'ಡ್ರಮ್ಮಿಂಗ್' ಎಂಬ ಕೃತಿಯನ್ನು ನಾನು ಮೊದಲು ಕೇಳಿದ್ದು ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಬೈಲಿಗೆ ಕಳಿಸಿ, "ಮೇಡಂ, ನಿಮ್ಮ ಲಘು ಗುರು ನೆನಪಾಯ್ತು, ಒಂದ್ಸಲ ಕೇಳಿ" ಎಂದು ಬರೆದಿದ್ದಳು. ಕೇಳಿದೆ. ಒಂದು ಪೆಟ್ಟು ಬಿತ್ತು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪೆಟ್ಟು, ಮತ್ತೆ ಖಾಲಿ. ನಲ್ಲಿ ಸರಿಯಾಗಿ ತಿರುವಿಲ್ಲವೇನೋ ಎಂದು ಬಚ್ಚಲ ಕಡೆಗೆ ತಿರುಗಿ ನೋಡಿದ್ದೂ ಉಂಟು. ಐದು ನಿಮಿಷ ಕಳೆಯುವಷ್ಟರಲ್ಲಿ ಬೇಸರ ಬಂದು ನಿಲ್ಲಿಸಿಬಿಟ್ಟೆ. ಇದನ್ನೂ ಸಂಗೀತವೆನ್ನುವುದಾದರೆ ನಮ್ಮ ಊರ ಹಿಟ್ಟಿನ ಗಿರಣಿಗೂ ಒಂದು ಪ್ರಶಸ್ತಿ ಕೊಡಬೇಕು ಎಂದು ಅವಳಿಗೆ ಉತ್ತರ ಬರೆದೆ.

ಆ ರಾತ್ರಿ ಮಲಗಿದಾಗ ಕಿವಿಯಲ್ಲಿ ಅದೇ ಓಡುತ್ತಿತ್ತು. ಬೆರಳು ಮಡಿಸಿ ಎಣಿಸಿ ನೋಡಿದೆ. ಹನ್ನೆರಡು. ಹನ್ನೆರಡು ಮಾತ್ರೆಯ ಒಂದು ಆವರ್ತ, ಅದರಲ್ಲಿ ಒಂದೇ ಪೆಟ್ಟು, ಹನ್ನೊಂದು ಖಾಲಿ. ಭೋಗ ಷಟ್ಪದಿಯ ಮೊದಲ ಸಾಲಿಗೂ ಇಷ್ಟೇ ಮಾತ್ರೆ, ಮೂರು ಮಾತ್ರೆಯ ನಾಲ್ಕು ಗಣ. ಒಂಬತ್ತನೆಯ ತರಗತಿಗೆ ಛಂದಸ್ಸು ಹೇಳಿಕೊಡುತ್ತ ನಾನು ಎಷ್ಟು ಸಾವಿರ ಸಲ ಈ ಹನ್ನೆರಡನ್ನು ಕರಿಹಲಗೆಯ ಮೇಲೆ ಗೀಟು ಎಳೆದು ತೋರಿಸಿದ್ದೇನೋ! ಹುಡುಗಿ ಸುಮ್ಮನೆ ಬರೆದಿರಲಿಲ್ಲ. ಬೆಳಿಗ್ಗೆ ಎದ್ದು ಪೂರ್ತಿ ಕೇಳಿದೆ. ಆಮೇಲೆ ಆ ತಿಂಗಳು ಇನ್ನೆಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಕೃತಿ 1971ರದು. ಅದರ ಹಿಂದಿನ ವರ್ಷ ರೈಶ್ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗಿ ಅಲ್ಲಿನ ಎವೆ ಜನರ ವಾದ್ಯಗಾರರ ಬಳಿ ಕೆಲವು ವಾರ ಕಲಿತು, ಮಲೇರಿಯಾ ಹಿಡಿದು, ನೆನೆದಿದ್ದಕ್ಕಿಂತ ಬೇಗ ಊರಿಗೆ ಮರಳಿದ್ದ. ಕೃತಿಗೆ ನಾಲ್ಕು ಭಾಗಗಳಿವೆ. ನಾನು ಇಲ್ಲಿ ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ. ಅದು ನಾಲ್ವರು ವಾದಕರಿಗಾಗಿ ಇರುವ ಭಾಗ. ಬಾಂಗೊ ಎನ್ನುವ ಸಣ್ಣ ಜೋಡಿ ಮದ್ದಳೆಗಳನ್ನು ಕಾಲುಮಣೆಯ ಮೇಲೆ ಸಾಲಾಗಿ ನಿಲ್ಲಿಸಿರುತ್ತಾರೆ. ವಾದಕರು ಎದುರುಬದುರು ನಿಂತು ಕೋಲಿನಿಂದ ಬಾರಿಸುತ್ತಾರೆ. ಮೊದಲು ಒಂದು ಪೆಟ್ಟು. ಅದು ಹಲವು ಸಲ ತಿರುಗಿದ ಮೇಲೆ ಒಂದು ಖಾಲಿ ಜಾಗದಲ್ಲಿ ಇನ್ನೊಂದು ಪೆಟ್ಟು ಬಂದು ಕೂರುತ್ತದೆ. ಮತ್ತೆ ಹಲವು ಸಲ. ಹೀಗೆ ಒಂದೊಂದೇ ಖಾಲಿ ತುಂಬುತ್ತ ಹೋಗಿ ಒಂದು ಪೂರ್ಣ ನಡೆ ಕಟ್ಟಿಕೊಳ್ಳುತ್ತದೆ. ಕಟ್ಟಿದ ಮೇಲೆ ಆಟ ಶುರುವಾಗುತ್ತದೆ. ಒಬ್ಬ ಅದೇ ನಡೆಯನ್ನು ಅದೇ ವೇಗದಲ್ಲಿ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕೂದಲೆಳೆಯಷ್ಟು ಬೇಗ ಮಾಡಿಕೊಂಡು, ನಿಧಾನವಾಗಿ ಜಾರಿ ಜಾರಿ ಒಂದು ಮಾತ್ರೆ ಮುಂದೆ ಹೋಗಿ ಅಲ್ಲಿ ಕಚ್ಚಿಕೊಳ್ಳುತ್ತಾನೆ. ಆ ಜಾರುವ ಹೊತ್ತಿನಲ್ಲಿ ಕೇಳುವವರಿಗೆ ಎಲ್ಲವೂ ಕೆಟ್ಟುಹೋಯಿತು ಅನ್ನಿಸುತ್ತದೆ. ಕಚ್ಚಿಕೊಂಡ ಕೂಡಲೇ ಯಾರೂ ಬಾರಿಸದಿದ್ದ ಹೊಸದೊಂದು ನಡೆ ಎರಡರ ನಡುವಿನಿಂದ ಎದ್ದು ಬರುತ್ತದೆ. ಹಾಗೆ ಎದ್ದ ನಡೆಗಳಲ್ಲಿ ಒಂದನ್ನು ಮೂರನೆಯವನು ಹೆಕ್ಕಿ, ಮೆಲ್ಲಗೆ ಶುರುಮಾಡಿ, ಜೋರಾಗಿ, ಮತ್ತೆ ಮೆಲ್ಲಗಾಗಿ ನಮಗೆ ತೋರಿಸಿಕೊಡುತ್ತಾನೆ.

ತಾಳ ಹಾಕುವವರು ಯಾರೂ ಇಲ್ಲ. ಕೈ ಬೀಸಿ ನಡೆಸುವ ನಿರ್ದೇಶಕನೂ ಇಲ್ಲ. ಮನೋಧರ್ಮಕ್ಕೆ ಜಾಗವಿಲ್ಲ. ಒಂದೊಂದು ನಡೆಯನ್ನು ಎಷ್ಟು ಸಲ ತಿರುಗಿಸಬೇಕು ಎನ್ನುವುದಷ್ಟೇ ವಾದಕರಿಗೆ ಬಿಟ್ಟದ್ದು. ರೈಶ್‌ನ ಮೊದಲ ತಂಡ ಇದನ್ನು ಕಲಿತದ್ದು ಹಾಳೆ ನೋಡಿ ಅಲ್ಲ, ಕೇಳಿ ಕೇಳಿ, ನಮ್ಮ ಮಕ್ಕಳು ಮಗ್ಗಿ ಕಲಿತ ಹಾಗೆ. ಇದು ತಿಳಿದ ಮೇಲೆ ನನಗೆ ಆತನ ಬಗ್ಗೆ ಇದ್ದ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧದ ಬಗ್ಗೆ ಹೇಳಲೆಂದೇ ಇಷ್ಟು ಪೀಠಿಕೆ.

ನಾಲ್ಕು ತಾಳವಾದ್ಯಗಳ ಮೇಳ ನಮಗೆ ಹೊಸದೇನಲ್ಲ. ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಸೇರಿದರೆ ತಾಳವಾದ್ಯ ಕಚೇರಿಯಾಯಿತು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ತಾಳವಾದ್ಯಕ್ಕೆಂದೇ ಒಂದು ಕಾಲೇಜು ತೆರೆದರು. ಆರ್.ಎ. ರಮಾಮಣಿಯವರ ಕಂಠವನ್ನೂ ಕೂಡಿಸಿಕೊಂಡು ಅವರ ತಂಡ ಹೊರದೇಶಗಳಲ್ಲೆಲ್ಲ ನುಡಿಸಿತು, ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕನ ಜೊತೆ ಸೇರಿ ಧ್ವನಿಮುದ್ರಿಕೆಗಳನ್ನೂ ತಂದಿತು. ಅಂಥ ಕಚೇರಿಗಳನ್ನು ರೇಡಿಯೋದಲ್ಲಿ ಕೇಳಿ ಬೆಳೆದವಳು ನಾನು. ಆದರೆ ಅಲ್ಲೊಂದು ಕ್ರಮವಿದೆ. ಮೃದಂಗ ಮೊದಲು ಮಾತಾಡುತ್ತದೆ, ಉಳಿದವು ಆಮೇಲೆ ಉತ್ತರ ಕೊಡುತ್ತವೆ. ಹೆಸರಿನಲ್ಲೇ ಇದೆಯಲ್ಲ, ಒಂದು ಪಕ್ಕವಾದ್ಯ, ಇನ್ನೊಂದು ಉಪಪಕ್ಕವಾದ್ಯ. ಸರದಿ ಚಿಕ್ಕದಾಗುತ್ತ ಆಗುತ್ತ ಕೊನೆಯ ಮುಕ್ತಾಯದಲ್ಲಿ ಮಾತ್ರ ಎಲ್ಲರೂ ಒಟ್ಟಾಗಿ ಬೀಳುತ್ತಾರೆ. ಆ ಒಟ್ಟು ಬೀಳುವ ಸುಖಕ್ಕಾಗಿಯೇ ನಾವು ಕಾಯುವುದು. ಸುಕನ್ಯಾ ರಾಮ್‌ಗೋಪಾಲ್ ಅವರು ಘಟವನ್ನು ಆ ಕ್ರಮದಿಂದ ಹೊರಕ್ಕೆ ತಂದು, ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು 'ಘಟ ತರಂಗ' ಮಾಡಿದರು, ಹೆಂಗಸರದೇ ತಂಡ ಕಟ್ಟಿದರು. ಉಪಪಕ್ಕವಾದ್ಯ ನಡುಮನೆಗೆ ಬಂದದ್ದು ಹೀಗೆ. ಬಂದದ್ದು ಒಬ್ಬ ಹೆಂಗಸಿನ ಕೈಹಿಡಿದು ಎನ್ನುವುದು ನನಗೆ ಸಣ್ಣ ಸಂಗತಿಯಲ್ಲ.

ಇದು ಸಭಾಂಗಣದ ಮಾತಾಯಿತು. ನನ್ನ ನೌಕರಿಯೆಲ್ಲ ಕಳೆದದ್ದು ಸಭಾಂಗಣವಿಲ್ಲದ ಊರುಗಳಲ್ಲಿ. ಜಗಳೂರಿನ ಕಡೆ ಇದ್ದಾಗ ಕೊಡದಗುಡ್ಡದ ವೀರಭದ್ರನ ಜಾತ್ರೆಯಲ್ಲಿ ಸಮಾಳ ಕೇಳಿದೆ. ಸೊಂಟಕ್ಕೆ ಬಿಗಿದ ಜೋಡಿ ವಾದ್ಯ, ಎರಡು ಕೋಲು, ಬಿಸಿಲಿಗೆ ಒಣಗಿದ ನೆಲದಂತೆ ಸಿಡಿಯುವ ಸದ್ದು. ಚನ್ನಗಿರಿ ಕಡೆಗೆ ವರ್ಗವಾದ ಮೇಲೆ ಬೀರಪ್ಪನ ಡೊಳ್ಳು. ಸೂಳೆಕೆರೆಯ ಏರಿಯ ಮೇಲೆ ನಿಂತರೆ ಮೈಲಿ ದೂರದ ಡೊಳ್ಳು ಕಿವಿಗಿಂತ ಮೊದಲು ಎದೆಗೆ ಕೇಳಿಸುತ್ತದೆ. ಹೊನ್ನಾಳಿಯಲ್ಲಿ ಹಲಗೆ. ಪುಸ್ತಕದಲ್ಲಿ ತಮಟೆ ಎಂದು ಬರೆಯುತ್ತೇವೆ, ಬಾಯಲ್ಲಿ ಹಲಗೆ. ಮಾರಿಹಬ್ಬಕ್ಕೂ ಅದೇ, ಗಣಪತಿಯನ್ನು ತುಂಗಭದ್ರೆಗೆ ಬಿಡುವಾಗಲೂ ಅದೇ, ಹೆಣ ಎತ್ತುವಾಗಲೂ ಅದೇ. ಕೊನೆಗೆ ನ್ಯಾಮತಿ ಕಡೆ. ಇದು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಇಲ್ಲಿ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆ ತಾಂಡಾ ತಾಂಡಾಗಳಿಂದ ಜನ ನಡೆದು ಬರುವಾಗ ನಗಾರಿ ಕೇಳಬೇಕು.

ನಾಲ್ಕು ತಾಲ್ಲೂಕು, ನಾಲ್ಕು ವಾದ್ಯ ಎಂದು ಇಷ್ಟು ಅಚ್ಚುಕಟ್ಟಾಗಿ ಹಂಚಿದ್ದು ನನ್ನ ವರ್ಗಾವಣೆಯ ಆದೇಶಗಳೇ ಹೊರತು ಲೋಕ ಹಾಗಿಲ್ಲ. ನಾಲ್ಕೂ ಕಡೆ ನಾಲ್ಕೂ ಇವೆ. ಆದರೆ ಇಷ್ಟು ವರ್ಷಗಳಲ್ಲಿ ಈ ನಾಲ್ಕೂ ಒಂದೇ ನಡೆಯನ್ನು ಒಟ್ಟಿಗೆ ಬಾರಿಸಿದ್ದನ್ನು ನಾನು ಕೇಳಿರಲಿಲ್ಲ. ಮೆರವಣಿಗೆಯಲ್ಲಿ ಒಂದರ ಹಿಂದೆ ಒಂದು ಹೋಗುತ್ತವೆ. ಮೈಸೂರು ದಸರೆಯಲ್ಲೂ ಅಷ್ಟೆ: ಡೊಳ್ಳಿನವರು, ಆಮೇಲೆ ವೀರಗಾಸೆಯವರು, ಆಮೇಲೆ ತಮಟೆಯವರು, ನಡುವೆ ಹತ್ತು ಮಾರು ಜಾಗ. ತಂತಮ್ಮದು ತಾವು ಬಾರಿಸಿಕೊಂಡು ಹೋಗುತ್ತಾರೆ. ಅಕ್ಕಪಕ್ಕ ಇರುವುದಕ್ಕೂ ಕೂಡಿ ನುಡಿಸುವುದಕ್ಕೂ ಇರುವ ಅಂತರವನ್ನು ಆ ಹತ್ತು ಮಾರು ಅಳೆದು ಹೇಳುತ್ತದೆ.

2019ರ ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಏನಾದರೂ ಹೊಸದು ಮಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ನಾನು ಹುಂಬಧೈರ್ಯದಿಂದ ಒಪ್ಪಿಕೊಂಡದ್ದು ಇದನ್ನೇ. ರೈಶ್‌ನ ಕೃತಿಯನ್ನೇ ಮಾಡಿಸುವ ಯೋಗ್ಯತೆ ನಮಗಿರಲಿಲ್ಲ. ಅದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ನಾವು ತೆಗೆದುಕೊಂಡದ್ದು ಅವನ ನಿಯಮವನ್ನು ಮಾತ್ರ. ಹನ್ನೆರಡು ಮಾತ್ರೆ, ಒಂದು ಪೆಟ್ಟಿನಿಂದ ಆರಂಭ, ಖಾಲಿಯನ್ನು ಒಂದೊಂದಾಗಿ ತುಂಬುವುದು, ತುಂಬಿದ ಮೇಲೆ ಸರಿಯುವುದು. ಒಂಬತ್ತನೆಯ ತರಗತಿಯ ಮೂವರು ಹುಡುಗರು, ಒಬ್ಬ ಹುಡುಗಿ. ಅವಳಿಗೆ ಡೊಳ್ಳು. ಅವಳ ಅಜ್ಜ, ಸೋದರಮಾವ ಎಲ್ಲ ಡೊಳ್ಳಿನವರೇ. ಅವಳು ಮನೆಯಲ್ಲಿ ಕದ್ದು ಬಾರಿಸಿ ಕಲಿತಿದ್ದಳು. ಸಮಾಳದ ಹುಡುಗ ಮಠದ ಬೀದಿಯವನು. ನಗಾರಿಯವನು ತಾಂಡಾದವನು. ಹಲಗೆಯವನ ಅಪ್ಪ ಸುತ್ತ ಹತ್ತೂರಿನಲ್ಲಿ ಹೆಸರಾದ ಹಲಗೆಗಾರ.

ಮೊದಲ ವಾರ ವಾದ್ಯ ಮುಟ್ಟಿಸಲಿಲ್ಲ. ಬೆಂಚಿನ ಮೇಲೆ ಬೆರಳಲ್ಲಿ ಬಾರಿಸಿ, ಬಾಯಲ್ಲಿ ಎಣಿಸುವುದು. ನನಗೆ ಗೊತ್ತಿದ್ದದ್ದು ಲಘು ಗುರು, ಅದರಲ್ಲೇ ಬರೆದೆ. ಇಲ್ಲಿ ಮೊದಲ ಪಾಠ ಸಿಕ್ಕಿತು. ಬಾರಿಸುವುದು ಇವರಿಗೆ ಕಷ್ಟವಲ್ಲ, ಬಾರಿಸದೆ ಇರುವುದು ಕಷ್ಟ. ಹನ್ನೊಂದು ಮಾತ್ರೆ ಕೈ ಎತ್ತಿ ಹಿಡಿದುಕೊಂಡು ಕಾಯಬೇಕೆಂದರೆ ಹದಿನಾಲ್ಕು ವರ್ಷದ ಕೈ ಕೇಳುತ್ತದೆಯೇ? ನಗಾರಿಯವನು ಐದಕ್ಕೇ ಬಿಟ್ಟುಬಿಡುತ್ತಿದ್ದ. ಹುಡುಗಿ ಕಾಲಿನ ಹೆಬ್ಬೆರಳು ಆಡಿಸಿ ಎಣಿಸುತ್ತಿದ್ದಳು. ಹಲಗೆಯವನು ಎಣಿಸುತ್ತಲೇ ಇರಲಿಲ್ಲ, ಆದರೆ ತಪ್ಪುತ್ತಲೂ ಇರಲಿಲ್ಲ. ಹೇಗೋ ಎಂದು ಕೇಳಿದರೆ, "ಬರ್ತೈತೆ ಮೇಡಂ, ಬಂದಾಗ ಹೊಡಿತೀನಿ" ಎಂದ.

ಜಾರುವ ಭಾಗ ಮಾತ್ರ ನಮಗೆ ಆಗಲೇ ಇಲ್ಲ. ಎರಡು ವಾರ ಹೆಣಗಿ ಕೈಬಿಟ್ಟೆವು. ಒಬ್ಬ ಗಟ್ಟಿಯಾಗಿ ಹಿಡಿದು ನಿಂತಿರುವಾಗ ಇನ್ನೊಬ್ಬ ಬೇಕೆಂದೇ ಸ್ವಲ್ಪ ಬೇಗ ಹೋಗಬೇಕು. ನಮ್ಮ ಮಕ್ಕಳು ಹಾಗೆ ಹೋಗುವುದಿಲ್ಲ. ಜೊತೆಯವನ ಪೆಟ್ಟು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಅದರ ಮೇಲೆಯೇ ಹೋಗಿ ಬೀಳುತ್ತದೆ. ಹುಟ್ಟಿದಾಗಿನಿಂದ ಕೂಡಿ ಬಾರಿಸುವುದನ್ನೇ ಕೇಳಿದ ಕಿವಿ ಅದು. ಡೊಳ್ಳಿನ ಕುಣಿತದಲ್ಲಿ ಹನ್ನೆರಡು ಜನರ ಕೈ ಒಂದೇ ಕೈಯಂತೆ ಬೀಳದಿದ್ದರೆ ಅದು ತಪ್ಪು, ಜಾಣತನವಲ್ಲ. ರೈಶ್‌ನ ಈ ತಂತ್ರ ಅವನಿಗೆ ಹೊಳೆದದ್ದು ಎರಡು ಟೇಪ್‌ರೆಕಾರ್ಡರುಗಳಲ್ಲಿ ಒಂದೇ ಮಾತನ್ನು ಓಡಿಸಿದಾಗ, ಒಂದು ಇನ್ನೊಂದರಿಂದ ಹಿಂದೆಮುಂದಾದದ್ದನ್ನು ಕೇಳಿ. ಯಂತ್ರಕ್ಕೆ ಪಕ್ಕದ ಯಂತ್ರದ ಹಂಗಿಲ್ಲ. ಮನುಷ್ಯನ ಕೈಗೆ ಅದನ್ನು ಕಲಿಸಿದ್ದು ಅವನ ಸಾಧನೆ ಎಂದು ಒಪ್ಪುತ್ತೇನೆ. ಆದರೆ ಅದನ್ನು ಕೇಳುವಾಗಲೆಲ್ಲ ನನಗೆ ಒಂದು ಸಣ್ಣ ಚಳಿ ಹಿಡಿಯುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಮುಂದಿನ ವರ್ಷ, 1972ರಲ್ಲಿ, ಅವನು ಬರೆದ 'ಕ್ಲ್ಯಾಪಿಂಗ್ ಮ್ಯೂಸಿಕ್' ಇನ್ನೂ ಸರಳ. ಇಬ್ಬರು, ನಾಲ್ಕು ಅಂಗೈ, ಅಷ್ಟೆ. ಅಲ್ಲಿ ಜಾರುವುದಿಲ್ಲ. ಒಂದೇ ಸಲಕ್ಕೆ ಒಂದು ಮಾತ್ರೆ ಹಾರಿಕೊಳ್ಳುವುದು. ನಾವು ಅದನ್ನು ಹಿಡಿದೆವು. ಹಾರುವುದು ಮಕ್ಕಳಿಗೆ ಕುಂಟೆಬಿಲ್ಲೆಯಿಂದಲೇ ಗೊತ್ತು.

ಹಲಗೆಯವನ ಅಪ್ಪ ದಿನಾ ಸಂಜೆ ಬಂದು ಕಿಟಕಿಯ ಹೊರಗೆ ಕೂರುತ್ತಿದ್ದರು. ಒಳಗೆ ಬನ್ನಿ ಎಂದರೆ "ಇಲ್ಲೇ ಆರಾಮೈತೆ" ಎನ್ನುತ್ತಿದ್ದರು. ಚಳಿಗೆ ಹಲಗೆಯ ಚರ್ಮ ಇಳಿದಾಗ ಅಡಿಕೆಹಾಳೆ ಹೊತ್ತಿಸಿ ಕಾಯಿಸಿ ಕೊಡುತ್ತಿದ್ದವರು ಅವರೇ. ಹತ್ತು ಹನ್ನೆರಡು ದಿನ ಸುಮ್ಮನೆ ಕೇಳಿದವರು ಒಂದು ಸಂಜೆ ಎದ್ದು ಬಾಗಿಲ ಹತ್ತಿರ ಬಂದು ಹೇಳಿದರು: "ಮೇಡಮ್ಮೋರೆ, ತಪ್ಪು ತಿಳಿಬ್ಯಾಡ್ರಿ. ನೀವು ಬರ್ದಿರೋದ್ರಾಗೆ ನಮ್ ಹಲಗೆ ಬರೇ ಕರಿಯಾಕೆ ಐತೆ. ಮಾತಾಡಾಕೆ ಇಲ್ಲ."

ನಾನು ಪುಸ್ತಕ ತೆರೆದು ನೋಡಿದೆ. ಹೌದು. ಡೊಳ್ಳಿಗೆ 1 ಮತ್ತು 7, ಸಮಾಳಕ್ಕೆ 4 ಮತ್ತು 5, ನಗಾರಿಗೆ 10 ಮತ್ತು 11, ಆಮೇಲೆ ಪರಸ್ಪರ ಅದಲುಬದಲು, ಹಾರುವುದು, ಎಲ್ಲ. ಹಲಗೆಗೆ ಮೊದಲಿಂದ ಕೊನೆಯವರೆಗೆ 1, 4, 7, 10. ತಾಳ ಹಾಕುವ ಕೆಲಸ. ರೈಶ್‌ನಲ್ಲಿ ತಾಳ ಹಾಕುವವನೇ ಇಲ್ಲ ಎಂದು ಮೆಚ್ಚಿದವಳು ನಾನೇ. ಮಕ್ಕಳು ತಪ್ಪಿಯಾರು ಎಂಬ ಭಯಕ್ಕೆ ಒಬ್ಬನನ್ನು ಆ ಚಾಕರಿಗೆ ಹಾಕಿದ್ದೆ. ನಾಲ್ವರಲ್ಲಿ ಯಾರನ್ನು ಹಾಕಿದೆ, ಯಾಕೆ ಅವನನ್ನೇ ಹಾಕಿದೆ ಎಂದು ಕೇಳಿಕೊಂಡರೆ, ಅವನು ತಪ್ಪುವುದಿಲ್ಲ ಅದಕ್ಕೇ ಎಂಬ ಉತ್ತರ ನನ್ನ ಬಳಿ ಸಿದ್ಧವಿತ್ತು. ಆ ಉತ್ತರ ಅರ್ಧ ಮಾತ್ರ ನಿಜ. ಊರಲ್ಲಿ ಡಂಗುರ ಸಾರುವವರು ಯಾರು, ದೇವರ ಮುಂದೆ ದೂರ ನಿಂತು ಬಡಿಯುವವರು ಯಾರು ಎಂಬುದು ನನ್ನ ಕೈ ಬರೆಯುವಾಗ ನನಗಿಂತ ಮೊದಲೇ ನೆನಪಿಟ್ಟುಕೊಂಡಿತ್ತು. ಟಿ.ಎಂ. ಕೃಷ್ಣ ಅವರು ಮೃದಂಗ ತಯಾರಿಸುವವರ ಬಗ್ಗೆ ಬರೆದ 'ಸೆಬಾಸ್ಟಿಯನ್ ಅಂಡ್ ಸನ್ಸ್' 2020ರಲ್ಲಿ ಬಂತು. ಕಚೇರಿಯಲ್ಲಿ ಹೆಸರಿಲ್ಲದವರ, ಚರ್ಮ ಹದಮಾಡುವವರ ಕಥೆ ಅದು. ಆ ಪುಸ್ತಕದ ವಿಷಯ ತಿಳಿದಾಗ ನನಗೆ ನೆನಪಾದದ್ದು ಕಿಟಕಿಯಾಚೆಯ ಈ ಮನುಷ್ಯ.

ಅಂದು ರಾತ್ರಿ ಕುಳಿತು ಹೊಸದಾಗಿ ಬರೆದೆ. ತಾಳ ಹಾಕುವ ಪಾತ್ರವನ್ನೇ ತೆಗೆದೆ. ಮೊದಲ ಒಂಟಿ ಪೆಟ್ಟು ಹಲಗೆಯದು, ಐದನೆಯ ಮಾತ್ರೆಯಲ್ಲಿ. ಮರುದಿನ ಅವರನ್ನು ಒಳಗೆ ಕರೆದು ಕೂರಿಸಿ ಕೇಳಿಸಿದೆವು. ಈ ಸಲ ಒಳಗೆ ಬಂದರು. ಕೇಳಿ, ಡೊಳ್ಳಿನ ಎರಡನೆಯ ಪೆಟ್ಟಿನ ಬಗ್ಗೆ ತಕರಾರು ತೆಗೆದರು. ಒಂದು ಮತ್ತು ಏಳರಲ್ಲಿ ಬಿದ್ದರೆ ಆವರ್ತ ಆರು ಆರಾಗಿ ಸಮ ಒಡೆಯುತ್ತದೆ. "ಸಮ ಆಗ್ಬಿಟ್ರೆ ಕಾಲು ಏಳಲ್ಲ ನೋಡ್ರಿ" ಎಂದರು. ಏಳನ್ನು ಎಂಟಕ್ಕೆ ಸರಿಸಿದೆವು. ಏಳು ಮತ್ತು ಐದು. ಕೂಡಲೇ ನಾಲ್ವರ ಹೆಗಲೂ ಅಲ್ಲಾಡತೊಡಗಿದ್ದನ್ನು ಕಣ್ಣಾರೆ ಕಂಡೆ. ರೈಶ್ ಕಲಿತು ಬಂದ ಘಾನಾದ ಎವೆ ಜನರ ಗಂಟೆಯ ನಡೆಯೂ ಹನ್ನೆರಡರದೇ, ಅದೂ ಐದು ಮತ್ತು ಏಳಾಗಿ ಒಡೆಯುತ್ತದೆ. ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ಅವರಿಗೆ ಹೇಳಿದಾಗ ಅಚ್ಚರಿಪಡಲಿಲ್ಲ. "ಅವ್ರೂ ಕುಣಿಯೋ ಜನ ಇರ್ಬೇಕು" ಎಂದರು, ಅಷ್ಟೆ.

ವಾರ್ಷಿಕೋತ್ಸವಕ್ಕೆ ಎರಡು ದಿನ ಇರುವಾಗ ಡೊಳ್ಳು ಬರುವುದಿಲ್ಲ ಎಂದು ಸುದ್ದಿ ಬಂತು. ದೇವಸ್ಥಾನದ ಡೊಳ್ಳು, ದೇವರ ಕೆಲಸಕ್ಕಲ್ಲದೆ ಹೊರಗೆ ತರುವ ಹಾಗಿಲ್ಲ ಎಂದು ಹಿರಿಯರೊಬ್ಬರು ತಡೆದಿದ್ದರು. ಮೂರು ವಾರ ಅಭ್ಯಾಸಕ್ಕೆ ಬಂದ ಡೊಳ್ಳಿಗೆ ಈಗ ಯಾಕೆ ಈ ಕಟ್ಟು ಎಂದು ಕೇಳಿದೆ. ಅಭ್ಯಾಸ ಬೇರೆ, ಜನರೆದುರಿಗೆ ಬೇರೆ ಎಂದರು. ವೇದಿಕೆಯ ಮೇಲೆ ಯಾರ ಪಕ್ಕ ಯಾರು ನಿಲ್ಲುತ್ತಾರೆ ಎಂದು ವಿಚಾರಿಸಿದರು. ಬೇರೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಹುಡುಗಿಯ ಸೋದರಮಾವ ಮಾತ್ರ ನಮ್ಮ ಪರ ಮಾತಾಡಿದರು, ನಡೆಯಲಿಲ್ಲ. ದೇವರ ವಾದ್ಯದ ಮಡಿ ನನಗೆ ಅರ್ಥವಾಗದ ಸಂಗತಿಯೇನಲ್ಲ. ಅದನ್ನು ಗೌರವಿಸುವವಳೇ. ಆದರೆ ಯಾವ ಮಾತು ಮಡಿಯದು, ಯಾವ ಮಾತು ಮಡಿಯ ಮರೆಯದು ಎಂದು ತಿಳಿಯದಷ್ಟು ಎಳೆಯ ವಯಸ್ಸೂ ನನ್ನದಲ್ಲ.

ಹುಡುಗಿ ಅಳಲಿಲ್ಲ. ಬಿಸಿಯೂಟದ ಕೋಣೆಗೆ ಹೋಗಿ ಹದಿನೈದು ಕಿಲೊ ಎಣ್ಣೆಯ ಖಾಲಿ ಡಬ್ಬ ತಂದಳು. ಒಳಗೆ ಗೋಣಿಚೀಲ ತುರುಕಿದಳು, ಎತ್ತರಕ್ಕೆ ಎರಡು ಇಟ್ಟಿಗೆ ಕೊಟ್ಟಳು. ಡೊಳ್ಳಿನ ಕೋಲಿನಿಂದಲೇ ಬಾರಿಸಿದಳು.

ಪ್ರದರ್ಶನ ಹನ್ನೊಂದು ನಿಮಿಷ ನಡೆಯಿತು. ವಿಮರ್ಶೆ ಎಂದ ಮೇಲೆ ಇದನ್ನೂ ನಿಷ್ಠುರವಾಗಿಯೇ ಬರೆಯಬೇಕು. ಹಲಗೆಯ ಒಂಟಿ ಪೆಟ್ಟಿಗೆ ಮೊದಮೊದಲು ಸಭೆ ನಕ್ಕಿತು. ಏನೋ ಕೆಟ್ಟಿದೆ ಎಂದುಕೊಂಡು ಮೈಕಿನವನು ಎದ್ದು ಬಂದ. ಹುಡುಗ ಕಣ್ಣು ಎತ್ತಲಿಲ್ಲ. ಹನ್ನೊಂದು ಖಾಲಿ ಮಾತ್ರೆಗಳನ್ನು ಅವನು ಹಿಡಿದುಕೊಂಡ ರೀತಿಯಲ್ಲಿ ಒಂದು ಗಾಂಭೀರ್ಯವಿತ್ತು. ನಿಧಾನವಾಗಿ ನಗು ಇಳಿದು, ಆರನೆಯ ಏಳನೆಯ ಆವರ್ತಕ್ಕೆ ಮುಂದಿನ ಸಾಲಿನ ಮಕ್ಕಳು ಆ ಪೆಟ್ಟು ಬೀಳುವ ಮೊದಲೇ ತಲೆ ಹಾಕತೊಡಗಿದರು. ಸಮಾಳ ಬಂತು, ಡಬ್ಬ ಬಂತು. ನಗಾರಿ ಬಂದಾಗ ಪೆಂಡಾಲಿನ ಹಿಂದೆ ನಿಂತಿದ್ದ ತಾಂಡಾದ ಹೆಂಗಸರು ಜೋರಾಗಿ ಕೂಗು ಹಾಕಿದರು, ಅದಕ್ಕೆ ಅವನು ಎರಡು ಆವರ್ತ ತಪ್ಪಿದ. ಮೂರನೆಯ ಸಲ ಹಾರುವಲ್ಲಿ ಸಮಾಳವೂ ನಗಾರಿಯೂ ಒಂದೇ ಕಡೆಗೆ ಹಾರಿ ಸ್ವಲ್ಪ ಹೊತ್ತು ಎಲ್ಲ ಕಲಸಿಹೋಯಿತು. ಅದನ್ನು ಎಳೆದು ನೇರ ಮಾಡಿದ್ದು ಡಬ್ಬದ ಹುಡುಗಿ, ಒಂದು ಮತ್ತು ಎಂಟನ್ನು ಬಿಡದೆ ಹಿಡಿದು. ಕೊನೆಯ ಎರಡು ನಿಮಿಷ, ನಾಲ್ಕೂ ಸೇರಿದಾಗ, ಯಾರ ಕೈಯಲ್ಲೂ ಇರದ ಒಂದು ನಡೆ ನಡುವಿನಿಂದ ಎದ್ದದ್ದು ನಿಜ. ನನಗೆ ಅದು ಕೇಳಿಸಿತು. ಎಲ್ಲರಿಗೂ ಕೇಳಿಸಿತೆಂದು ಹೇಳಲಾರೆ. ಮುಖ್ಯ ಅತಿಥಿಗಳು ಗಡಿಯಾರ ನೋಡುತ್ತಿದ್ದರು.

ದೊಡ್ಡ ಕೊರತೆ ಡಬ್ಬದ್ದೇ. ಅದರಲ್ಲಿ ತಳದ ದನಿ ಇಲ್ಲ. ಎದೆಗೆ ತಾಕಬೇಕಾದ ಜಾಗದಲ್ಲಿ ಬರೀ ಒಂದು ಖಣ್ ಸದ್ದು. ಕೆಲವು ಸ್ನೇಹಿತೆಯರು, ಡಬ್ಬದಿಂದಲೇ ಚೆನ್ನಾಯಿತು, ಅದಕ್ಕೆ ದೇವರಿಲ್ಲ ಜಾತಿಯಿಲ್ಲ ಎಂದು ಹೊಗಳಿದರು. ನಾನು ಒಪ್ಪಲಿಲ್ಲ. ಅದು ಡೊಳ್ಳಿನ ಜಾಗ, ಡೊಳ್ಳೇ ಇರಬೇಕಿತ್ತು. ಹಲಗೆಯ ಪಕ್ಕದಲ್ಲಿ ಡೊಳ್ಳು ನಿಂತು ಐದಕ್ಕೆ ಅದು, ಎಂಟಕ್ಕೆ ಇದು ಎಂದು ಬಿದ್ದಿದ್ದರೆ ಆಗುತ್ತಿದ್ದ ಸಂಗೀತ ಬೇರೆಯೇ.

ರೈಶ್‌ನ ಬಗ್ಗೆ ಉಳಿದಿದ್ದ ಅರ್ಧ ಸಿಟ್ಟು ಇಲ್ಲಿಗೆ ಬಂದು ಮುಟ್ಟುತ್ತದೆ. ಅವನ ನಾಲ್ವರು ವಾದಕರು ಸಮಾನರು. ಯಾರೂ ಮುಖ್ಯರಲ್ಲ, ಯಾರೂ ಚಾಕರಿಯವರಲ್ಲ. ಆ ಸಮಾನತೆಯನ್ನು ಕೇಳುವುದೇ ಆ ಕೃತಿಯ ದೊಡ್ಡ ಸುಖ, ಈಗಲೂ ನಾನು ಅದಕ್ಕಾಗಿಯೇ ಅದನ್ನು ಕೇಳುತ್ತೇನೆ. ಆದರೆ ಅವನು ಆರಿಸಿಕೊಂಡದ್ದು ಒಂದೇ ಜಾತಿಯ ವಾದ್ಯಗಳನ್ನು. ಒಂದೇ ಅಂಗಡಿಯಲ್ಲಿ ಸಿಗುವ ಬಾಂಗೊ ಜೋಡಿಗಳು, ಶ್ರುತಿಯಲ್ಲಿ ಮಾತ್ರ ವ್ಯತ್ಯಾಸ. ಅವುಗಳಿಗೆ ಮನೆದೇವರಿಲ್ಲ, ಕೇರಿಯಿಲ್ಲ, ಹೆಣದ ಮುಂದೆ ಹೋದ ನೆನಪಿಲ್ಲ. ಬಾಂಗೊ ಕ್ಯೂಬಾದ ಕರಿಯರ ವಾದ್ಯವೆಂಬುದನ್ನು, ನಡೆ ಘಾನಾದ ಹಾದಿಯಲ್ಲಿ ಬಂದದ್ದೆಂಬುದನ್ನು ಕೃತಿ ಎಲ್ಲೂ ಆಡಿ ತೋರಿಸುವುದಿಲ್ಲ. ಸಮಾನತೆಯನ್ನು ಅವನು ಮೊದಲ ಪೆಟ್ಟಿಗೇ ಇದೆಯೆಂದು ಇಟ್ಟುಕೊಂಡು ಹೊರಡುತ್ತಾನೆ. ನಮಗೆ ಅದು ಕೊನೆಯ ಎರಡು ನಿಮಿಷಕ್ಕೆ, ಅದೂ ಮೂರು ವಾದ್ಯ ಒಂದು ಡಬ್ಬದ ನಡುವೆ, ಹೇಗೋ ಬಂತು. ಯಾವುದು ದೊಡ್ಡ ಕಲೆ ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಅವನದೇ ಎನ್ನುತ್ತೇನೆ. ಯಾವುದರಲ್ಲಿ ಕಷ್ಟ ಹೆಚ್ಚು ಎಂದು ಕೇಳಿದರೆ ನನ್ನ ಉತ್ತರ ಬೇರೆ.

ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಮತ್ತೆ ಮಾಡೋಣ, ಡೊಳ್ಳಿಟ್ಟೇ ಮಾಡೋಣ ಎಂದು ಹಿರಿಯರ ಮನೆಗೆ ಇನ್ನೊಮ್ಮೆ ಹೋಗಬೇಕೆಂದಿದ್ದು ಹಾಗೆಯೇ ಉಳಿಯಿತು. ಮಕ್ಕಳು ಹತ್ತು ಮುಗಿಸಿ ಚದುರಿದರು. ಹೋದ ವರ್ಷ ಒಂದು ಸಂಜೆ ಆ ಹುಡುಗಿಯ ಫೋನು ಬಂತು. ಕಾಲೇಜಿನಲ್ಲಿ ಗೆಳತಿಯರನ್ನು ಸೇರಿಸಿಕೊಂಡು ಅದನ್ನೇ ಮಾಡಿಸುತ್ತಿದ್ದಾಳಂತೆ. "ಮೇಡಂ, ಡೊಳ್ಳಿಂದು ಒಂದಕ್ಕೆ ಆದ್ಮೇಲೆ ಎಂಟಕ್ಕೆ ಅಲ್ವಾ?" ಎಂದಳು. ಏಳಕ್ಕೆ ಎಂದೆ. "ಇಲ್ಲ ಮೇಡಂ, ಏಳಕ್ಕೆ ಹೊಡೆದ್ರೆ ಕಾಲೇ ಬರ್ತಿಲ್ಲ" ಎಂದಳು. ಇರು ನೋಡಿ ಹೇಳುತ್ತೇನೆ ಎಂದು ಹಳೆಯ ಪಾಠಟಿಪ್ಪಣಿಯ ಪುಸ್ತಕ ಹುಡುಕಿ ತೆಗೆದೆ. 7 ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ನಾನೇ ಕೆಂಪು ಶಾಯಿಯಲ್ಲಿ 8 ಎಂದು ಬರೆದಿದ್ದೆ.